ಸೆರೆಗೆ ಹೋದರೆ ವಕೀಲ

ನ್ಯಾಯಾಲಯದ ಬಾಗಿಲು ಬಡವನಿಗೂ ತೆರೆದಿದೆಯೆಂಬ ಭಾಷಣವನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬಾಗಿಲೇನೋ ತೆರೆದಿದೆ. ಯಾರಿಗೆ, ಯಾವಾಗ ಎಂಬುದಷ್ಟೇ ನನ್ನ ತಕರಾರು.

ಕಾನೂನಿನ ಔದಾರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಹಣವಿಲ್ಲವೆಂದು ಯಾರೂ ನ್ಯಾಯಕ್ಕೆ ಎರವಾಗಬಾರದೆಂಬ ಮಾತು 1976ರ ತಿದ್ದುಪಡಿಯಿಂದ ಸಂವಿಧಾನವನ್ನು ಸೇರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ಮಕ್ಕಳಿಗೂ ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯವೆಷ್ಟೆಂದು ಕೇಳದೆ ವಕೀಲನನ್ನು ಕೊಡುತ್ತದೆ. ಬಹಳ ಸಂತೋಷ.

ಈಗ ಕಲಾಸಿಪಾಳ್ಯದ ಬಸ್ ನಿಲ್ದಾಣದಲ್ಲಿ ಮಲಗುವ ಒಬ್ಬ ಹುಡುಗನಿದ್ದಾನೆನ್ನಿ. ತಂದೆ ಸತ್ತ ಮೇಲೆ ಅವನ ಪಾಲಿನ ಹೊಲವನ್ನು ಪೋಷಕರು ಮಾರಿದರು. ಹುಡುಗ ಊರು ಬಿಟ್ಟ. ಆ ಮಾರಾಟವನ್ನು ರದ್ದುಪಡಿಸೆಂದು ದಾವೆ ಹೂಡಲು 1963ರ ಕಾಲಮಿತಿ ಅಧಿನಿಯಮವು ಅವನಿಗೆ 18 ತುಂಬಿದ ಮೇಲೆ ಕೊಡುವುದು 3 ವರ್ಷ. ಆದರೆ 18 ತುಂಬಿದ ದಿನವೇ ಅವನು ‘ಮಗು’ವಲ್ಲ! ದಾವೆಯ ಗಡುವು ಓಡತೊಡಗಿದ ಗಳಿಗೆಯಲ್ಲಿಯೇ ಕೇಳದೆ ಸಿಗುತ್ತಿದ್ದ ವಕೀಲನು ದೂರವಾಗುತ್ತಾನೆ. ಜಾತಿಯ ಆಧಾರದಿಂದ ಕೇಳೋಣವೆಂದರೆ ಪ್ರಮಾಣಪತ್ರವೆಲ್ಲಿ? ಬಡತನದ ಆಧಾರದಿಂದ ಕೇಳೋಣವೆಂದರೆ, ಇಲ್ಲದ ಆದಾಯವನ್ನು ಇಲ್ಲವೆಂದು ತೋರಿಸಬೇಕು. ಅರ್ಜಿದಾರನ ಪ್ರಮಾಣಪೂರ್ವಕ ಹೇಳಿಕೆಯನ್ನೇ ಸಾಕೆಂದು ಎಣಿಸಬಹುದೆಂದು 13ನೆಯ ಕಲಮು ಹೇಳುತ್ತದೆ, ನಿಜ. ಅದನ್ನು ಬರೆದುಕೊಡುವವರು ಯಾರು? ಬಸ್ಸಿನ ಕಂಡಕ್ಟರೆ?

ಅದೇ ಹುಡುಗ ಹಸಿವು ತಾಳಲಾರದೆ ಯಾರದೋ ಜೇಬಿಗೆ ಕೈಹಾಕಿ ಸೆರೆಗೆ ಹೋಗಲಿ. ಅದೇ ಅಧಿನಿಯಮದ 12ನೆಯ ಕಲಮು ಬಂಧನದಲ್ಲಿರುವವನಿಗೆ ಆದಾಯ ಕೇಳದೆ ವಕೀಲನನ್ನು ಒದಗಿಸುತ್ತದೆ. ಹೊಲ ಕೇಳಲು ಬಂದವನಿಗೆ ಅಲೆದಾಟ. ಕದ್ದು ಸಿಕ್ಕಿಬಿದ್ದವನಿಗೆ ಉಪಚಾರ! ಬಂದಿಗೆ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ಅದು ಕೊಡಲೇಬೇಕಾದದ್ದು. ಬಂದಿಯಾಗುವ ಮೊದಲೇ ಕೊಡಬಾರದೇಕೆ?

“ಬೀದಿಯ ಪುಂಡರಿಗೆಲ್ಲ ಸರ್ಕಾರದ ಖರ್ಚಿನಲ್ಲಿ ವಕೀಲರೆ?” ಎಂದು ಹುಬ್ಬೇರಿಸುವ ಗೃಹಸ್ಥರುಂಟು. ಸ್ವಾಮಿ, ಆ ಖರ್ಚು ಹೇಗೂ ತಪ್ಪಿದ್ದಲ್ಲ. ತಡಮಾಡಿದರೆ ವಕೀಲನ ಜೊತೆಗೆ ಸೆರೆಮನೆಯ ಊಟದ ಖರ್ಚೂ ನಮ್ಮ ತಲೆಯ ಮೇಲೆಯೇ.

ಆದ್ದರಿಂದ ನನ್ನ ಬೇಡಿಕೆ ಎರಡೇ. 2015ರ ಬಾಲನ್ಯಾಯ ಅಧಿನಿಯಮವು ಪಾಲನಾಸಂಸ್ಥೆಯಿಂದ ಹೊರಬಂದವರಿಗೆ 21ರವರೆಗೂ ಆಸರೆ ಬೇಕೆಂದು ಒಪ್ಪಿದೆ. ಸಂಸ್ಥೆಯ ಮುಖವನ್ನೇ ಕಾಣದ ನಿರ್ವಸತಿಕನಿಗೂ 21ರವರೆಗೆ ಆದಾಯ ಕೇಳದೆ ವಕೀಲನನ್ನು ಕೊಡಿ. ಎರಡನೆಯದು, ತಾಲ್ಲೂಕಿನವರೆಗೂ ಇರುವ ಕಾನೂನು ಸೇವೆಗಳ ಸಮಿತಿಗಳು ರಾತ್ರಿಯ ಹೊತ್ತು ಬಸ್ ನಿಲ್ದಾಣಕ್ಕೆ, ರೈಲು ನಿಲ್ದಾಣಕ್ಕೆ ಜನರನ್ನು ಕಳಿಸಲಿ. ಆ ಹೇಳಿಕೆಯನ್ನು ಅಲ್ಲಿಯೇ ಬರೆಸಿಕೊಳ್ಳಲಿ. ಕಾನೂನು ನೆರವಿಗೆ 15100 ಎಂಬ ದೂರವಾಣಿಯೂ ಉಂಟು; ಹುಡುಗನ ಬಳಿ ಫೋನಿಲ್ಲದಿದ್ದರೆ ನಮ್ಮ ನಿಮ್ಮ ಜೇಬಿನಲ್ಲಿದೆ.

ಪೋಲೀಸಿನವನು ಆ ಹುಡುಗನನ್ನು ಹುಡುಕಿಕೊಂಡು ಹೋಗಬಲ್ಲನಾದರೆ ವಕೀಲನೂ ಹೋಗಬಲ್ಲ. ದಾರಿ ಒಂದೇ.