ಮುದ್ರೆಯೊತ್ತಿದವನೇ ಕರ್ತೃವೇ?

ಇಂಗ್ಲೆಂಡಿನ ಪ್ರಾಚೀನ ಪಾನಪಾತ್ರೆಗಳನ್ನು, ಅದರಲ್ಲೂ ಚಿನ್ನದ ಮುಲಾಮು ಹೊದ್ದ ಬೆಳ್ಳಿಯ ಬಟ್ಟಲುಗಳನ್ನು ಕುರಿತ ಬರಹಗಳಲ್ಲಿ ಒಂದು ರೂಢಿ ಬೇರೂರಿದೆ: ಪಾತ್ರೆಗೊಂದು ದೊಡ್ಡ ಹೆಸರು ತಗುಲಿಸಿದರೆ ವಿವೇಚನೆ ಮುಗಿಯಿತು. ಆ ಹೆಸರು ಅರಸನದಾಗಲಿ, ಖ್ಯಾತ ಅಕ್ಕಸಾಲಿಗನದಾಗಲಿ, ದುಡಿದ ಕೈ ಮಾತ್ರ ಮರೆಯಾಗುತ್ತದೆ.

ಕಿಂಗ್ಸ್ ಲಿನ್ ಪಟ್ಟಣದಲ್ಲಿರುವ ‘ಕಿಂಗ್ ಜಾನ್ ಬಟ್ಟಲ’ನ್ನೇ ನೋಡಿ. ಬೇಟೆಯ ಉಡುಪಿನ ಸ್ತ್ರೀಪುರುಷರನ್ನು ಮೀನಾಕಾರಿಯಲ್ಲಿ ಚಿತ್ರಿಸಿದ ಈ ಪಾತ್ರೆಯ ಕಾಲ ಸುಮಾರು 1340. ಜಾನ್ ದೊರೆ ಸತ್ತದ್ದು 1216ರಲ್ಲಿ. ಶತಮಾನಕ್ಕೂ ಮೀರಿದ ಈ ಅಂತರ ತಿಳಿದಿದ್ದರೂ ದೊರೆಯ ಹೆಸರು ಅಳಿದಿಲ್ಲ. ರಚಿಸಿದವನ ಹೆಸರು ಉಳಿದಿಲ್ಲ.

ಇದು ಜನಪದ ಐತಿಹ್ಯ, ಮುದ್ರೆಗಳಾದರೋ ದಾಖಲೆಗಳು ಎಂದು ಕೆಲವರು ವಾದಿಸಬಹುದು. ದಾಖಲೆಗಳು ನಿಜ, ಆದರೆ ಯಾವುದಕ್ಕೆ? ಚಿರತೆಯ ತಲೆಯ ಮುದ್ರೆಯನ್ನು 1300ರ ಶಾಸನ ವಿಧಿಸಿತು. ತಯಾರಕನ ಮುದ್ರೆ 1363ರಲ್ಲಿ, ವರ್ಷಸೂಚಕ ಅಕ್ಷರ 1478ರಲ್ಲಿ ಬಂದವು. ಇವುಗಳ ಗುರಿ ಸಾವಿರಕ್ಕೆ 925 ಭಾಗ ಶುದ್ಧ ಬೆಳ್ಳಿ ಇರಲೇಬೇಕೆಂಬ ನಿಯಮದ ಪಾಲನೆ. ತಯಾರಕನ ಮುದ್ರೆ ಲೋಹಕ್ಕೆ ಹೊಣೆಗಾರನನ್ನು ತೋರಿಸುತ್ತದೆ. ಆ ಹೊಣೆಗಾರನೇ ಸುತ್ತಿಗೆ ಹಿಡಿದನೆಂದು ಅದು ಎಲ್ಲಿಯೂ ಹೇಳುವುದಿಲ್ಲ.

ಪಾಲ್ ಡಿ ಲಾಮೆರಿಯ (1688–1751) ಮುದ್ರೆಯುಳ್ಳ ಕೆಲವು ಶ್ರೇಷ್ಠ ಕೃತಿಗಳಲ್ಲಿ ವಿದ್ವಾಂಸರು ಬೇರೊಬ್ಬ ಶಿಲ್ಪಿಯ ಕೈಯನ್ನು ಗುರುತಿಸಿದ್ದಾರೆ. ಆತನ ನಿಜನಾಮ ತಿಳಿಯದೆ ‘ಮೇನಾರ್ಡ್ ಮಾಸ್ಟರ್’ ಎಂದು ಕರೆದಿದ್ದಾರೆ. 1761ರಲ್ಲಿ ಮುದ್ರೆ ನೋಂದಾಯಿಸಿದ ಹೆಸ್ಟರ್ ಬೇಟ್‌ಮನ್ ಎಂಬ ವಿಧವೆಯ ಹೆಸರಿನ ಹಿಂದೆಯೂ ಮಕ್ಕಳು, ಕೆಲಸಗಾರರು ಕೂಡಿದ ಇಡೀ ಕಾರ್ಯಾಗಾರವಿತ್ತು.

ಮುಲಾಮು ಹಾಕಿದವರ ಪಾಡು ಇನ್ನೂ ಕರುಣಾಜನಕ. ಚಿನ್ನವನ್ನು ಪಾದರಸದಲ್ಲಿ ಬೆರೆಸಿ, ಆ ಲೇಪವನ್ನು ಬೆಳ್ಳಿಗೆ ಹಚ್ಚಿ ಕೆಂಡದ ಮೇಲೆ ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಬಳಿಕ ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ಆ ಆವಿ ಕುಶಲಕರ್ಮಿಯ ದೇಹವನ್ನು ಹೊಕ್ಕು ಕೈನಡುಕವನ್ನೂ ಬುದ್ಧಿವಿಕಲತೆಯನ್ನೂ ತರುತ್ತಿತ್ತು. ಎಲ್ಕಿಂಗ್‌ಟನ್ ಸಂಸ್ಥೆ 1840ರಲ್ಲಿ ವಿದ್ಯುಲ್ಲೇಪನಕ್ಕೆ ಪೇಟೆಂಟ್ ಪಡೆಯುವವರೆಗೆ ಇದೇ ಮುಖ್ಯ ವಿಧಾನ. ಸೌಂದರ್ಯಕ್ಕೆ ತೆತ್ತ ಈ ಬೆಲೆಯನ್ನು ಯಾವ ಮುದ್ರೆಯೂ ದಾಖಲಿಸಿಲ್ಲ.

ಹೆಸರುಗಳಿಲ್ಲದೆ ವರ್ಗೀಕರಣ ಅಸಾಧ್ಯವೆಂಬ ಆಕ್ಷೇಪವುಂಟು. ಹೆಸರನ್ನು ಬಿಡಿರೆಂದು ಯಾರೂ ಹೇಳುತ್ತಿಲ್ಲ. ಅದು ತಾಳುವಷ್ಟೇ ಭಾರವನ್ನು ಹೊರಿಸಿರಿ. ಹಸ್ತಪ್ರತಿಯೊಂದರಲ್ಲಿ ಕವಿ, ಪೋಷಕ, ಲಿಪಿಕಾರ ಮೂವರನ್ನೂ ಬೇರ್ಪಡಿಸದ ಸಂಶೋಧಕನನ್ನು ನಾವು ಒಪ್ಪುವುದಿಲ್ಲ. ಲೋಹಕೃತಿಗೂ ಅದೇ ಶಿಸ್ತು ಸಲ್ಲಬೇಕು. ‘ಲಾಮೆರಿ ರಚಿಸಿದ ಬಟ್ಟಲು’ ಎಂಬುದರ ಬದಲು ‘ಲಾಮೆರಿಯ ಮುದ್ರೆಯುಳ್ಳ ಬಟ್ಟಲು’ ಎಂದು ಎಚ್ಚರದ ಸೂಚಿಕಾರರು ಬರೆಯುತ್ತಾರೆ. ಆ ಒಂದು ಪದದ ವ್ಯತ್ಯಾಸದಲ್ಲಿ ಅನಾಮಿಕ ಕುಶಲಕರ್ಮಿಗೆ ಇತಿಹಾಸದೊಳಗೆ ಸ್ಥಳ ಉಳಿಯುತ್ತದೆ.