ಆಸ್ಟ್ರಿಯದ ದೊಡ್ಡ ಮನುಷ್ಯ ಯಾರು?

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ಮಕ್ಕಳ ಚರ್ಚಾಸ್ಪರ್ಧೆ ನಡೆಯಿತು. ಜಗತ್ತಿನ ಮೇಲೆ ಅತ್ಯಂತ ಹೆಚ್ಚು ಪ್ರಭಾವ ಬೀರಿದ ಆಸ್ಟ್ರಿಯನ್ ಯಾರು ಎಂಬುದು ವಿಷಯ. ಏಳು ಮಕ್ಕಳಲ್ಲಿ ಐವರು ಹಿಟ್ಲರ್ ಎಂದರು. ಒಬ್ಬಳು ಫ್ರಾಯ್ಡ್ ಎಂದಳು, ಒಬ್ಬ ಮೆಂಡೆಲ್ ಎಂದ. ಬಹುಮಾನ ಹಿಟ್ಲರನ ಪಕ್ಷಕ್ಕೇ ಹೋಯಿತು. ಹಿರಿಯರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ನಾವೂ ತಟ್ಟಿದೆವು. ಲೋಕಲ್ ಗಾಡಿಯಲ್ಲಿ ಮನೆಗೆ ಬರುವಾಗ ನಾಚಿಕೆಯಾಯಿತು. ಆದ್ದರಿಂದ ಈ ಬರಹ.

ಹಿಟ್ಲರ್ 1889ರಲ್ಲಿ ಆಸ್ಟ್ರಿಯದ ಬ್ರೌನೌನಲ್ಲಿ ಹುಟ್ಟಿದ್ದು ನಿಜ. ಆದರೆ 1925ರಲ್ಲಿ ಆ ದೇಶದ ಪೌರತ್ವವನ್ನು ತಾನೇ ಬಿಟ್ಟುಕೊಟ್ಟ. ಅವನ ಆಳ್ವಿಕೆ ಅರವತ್ತು ಲಕ್ಷ ಯೆಹೂದ್ಯರನ್ನು ಕೊಂದಿತು. ಇಷ್ಟು ಸಾವು ಒಬ್ಬನ ಕೈಯಿಂದ ಆದದ್ದೇ? ಪಟ್ಟಿ ಬರೆದವರು, ರೈಲು ಹೊಂದಿಸಿದವರು, ಸಹಿ ಹಾಕಿ ಕಡತ ಮುಂದೂಡಿದ ಗುಮಾಸ್ತರು ಎಷ್ಟು ಮಂದಿ! ಕಡತಗಳ ನಡುವೆಯೇ ಬದುಕುವ ನಾವು ಇದನ್ನು ಮರೆಯುವಂತಿಲ್ಲ. ಊರಿಗೆ ಬೆಂಕಿ ಇಟ್ಟವನನ್ನೂ ಬಾವಿ ತೋಡಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ?

ನಮ್ಮ ಮತ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರಿಗೆ. ಇವರು 1868ರಲ್ಲಿ ವಿಯೆನ್ನಾದಲ್ಲಿ, ಯೆಹೂದಿ ಕುಟುಂಬದಲ್ಲಿ ಹುಟ್ಟಿದರು. ಆ ಕಾಲದಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟರೆ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣ ಯಾರಿಗೂ ತಿಳಿಯದು. ಲ್ಯಾಂಡ್‌ಸ್ಟೈನರ್ ತಮ್ಮ ಮತ್ತು ಸಹೋದ್ಯೋಗಿಗಳ ರಕ್ತವನ್ನೇ ತೆಗೆದು, ಒಬ್ಬರ ಸೀರಮ್ಮಿಗೆ ಇನ್ನೊಬ್ಬರ ಕೆಂಪುಕಣ ಬೆರೆಸಿ ನೋಡಿದರು. ಕೆಲವು ಗಂಟುಕಟ್ಟಿದವು, ಕೆಲವು ಕಟ್ಟಲಿಲ್ಲ. 1901ರಲ್ಲಿ ಅವರು ರಕ್ತವನ್ನು ಮೂರು ಗುಂಪು ಮಾಡಿದರು. ನಾಲ್ಕನೆಯದು ಮರುವರ್ಷ ಅವರ ಸಂಗಡಿಗರಿಗೆ ಸಿಕ್ಕಿತು. 1930ರಲ್ಲಿ ನೊಬೆಲ್ ಬಂತು. 1940ರಲ್ಲಿ ವೀನರ್ ಜೊತೆಗೂಡಿ ಆರ್‌ಎಚ್ ಅಂಶವನ್ನೂ ಪ್ರಕಟಿಸಿದರು.

ಇವರಲ್ಲದಿದ್ದರೆ ಇನ್ನೊಬ್ಬರು ಕಂಡುಹಿಡಿಯುತ್ತಿದ್ದರು ಎಂದು ಕೆಲವರು ವಾದಿಸಬಹುದು. ಇರಬಹುದು. ಆದರೆ ಮೊದಲು ಕಂಡವರ ಋಣ ಅದರಿಂದ ತೀರುವುದಿಲ್ಲ. ಮೆಂಡೆಲ್ 1866ರಲ್ಲಿ ಅಚ್ಚು ಹಾಕಿಸಿದ ಬಟಾಣಿಯ ಲೆಕ್ಕವನ್ನು 1900ರಲ್ಲಿ ಬೇರೆಯವರು ಮತ್ತೆ ಕಂಡರು. ಹಾಗೆಂದು ಮೆಂಡೆಲ್ ಸಣ್ಣವರಾದರೇ?

ಇನ್ನೊಂದು ಮಾತು. 1935ರಲ್ಲಿ ಹಿಟ್ಲರನ ಸರ್ಕಾರ ಜರ್ಮನ್ ರಕ್ತವನ್ನು ಕಾಪಾಡುವ ಹೆಸರಿನಲ್ಲಿ ಒಂದು ಕಾನೂನನ್ನೇ ಮಾಡಿತು. ಲ್ಯಾಂಡ್‌ಸ್ಟೈನರ್ ಅವರ ಎ, ಬಿ, ಓ ಗುಂಪುಗಳಾದರೋ ಜಾತಿ, ಜನಾಂಗ, ಭಾಷೆ ಒಂದನ್ನೂ ಕೇಳುವುದಿಲ್ಲ. ನಮ್ಮ ಈ ಮುಂಬಯಿಯೂ ಆ ಶಾಸ್ತ್ರಕ್ಕೆ ಒಂದು ಹೆಸರು ಕೊಟ್ಟಿದೆ: 1952ರಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ಇಲ್ಲಿ ಗುರುತಿಸಿದ ಅಪರೂಪದ ‘ಬಾಂಬೆ ಗುಂಪು’. ಆ ಗುಂಪಿನವರಿಗೆ ಆ ಗುಂಪಿನವರದೇ ರಕ್ತ ಬೇಕು.

ಎರಡು ವರ್ಷದ ಕೆಳಗೆ ನಮ್ಮ ಮನೆಯವರ ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾಯಿತು. ಕೊಟ್ಟವರು ನೆರೆಮನೆಯ ಮರಾಠಿ ಹುಡುಗ ಮತ್ತು ಕಚೇರಿಯ ಮಲಯಾಳಿ ಮಿತ್ರರು. ಆ ರಾತ್ರಿ ನಮಗೆ ಬೇಕಾದದ್ದು ವಿಯೆನ್ನಾದ ಆ ಮನುಷ್ಯನ ವಿದ್ಯೆ, ಬ್ರೌನೌನವನದಲ್ಲ.

ಲ್ಯಾಂಡ್‌ಸ್ಟೈನರ್ ಹುಟ್ಟಿದ ಜೂನ್ 14 ಈಗ ವಿಶ್ವ ರಕ್ತದಾನಿಗಳ ದಿನ. ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ವಿನಂತಿ: ಆ ದಿನ ಅದೇ ಸಭಾಗೃಹದಲ್ಲಿ ರಕ್ತದಾನ ಶಿಬಿರ ನಡೆಸಿರಿ, ಆ ಏಳು ಮಕ್ಕಳನ್ನೂ ಕರೆಯಿರಿ. ನಮ್ಮದು ಓ ಗುಂಪು. ಮೊದಲ ಹೆಸರು ನಮ್ಮದೇ ಬರೆದುಕೊಳ್ಳಿರಿ.