ರೋಗಿಯ ಭಾಷೆ, ರಾಜ್ಯದ ಭಾಷೆ

ಸರ್ಕಾರಿ ವೈದ್ಯರ ಮತ್ತು ದಾದಿಯರ ಹುದ್ದೆಗಳಿಗೆ ಅರ್ಜಿ ಕರೆಯುವ ಪ್ರಕಟಣೆಗಳಲ್ಲಿ ವಿದ್ಯಾರ್ಹತೆ, ವಯೋಮಿತಿ, ಮೀಸಲಾತಿಗಳ ವಿವರದ ಜೊತೆಗೆ ಇನ್ನೊಂದು ಸಾಲು ಬಹುಮಟ್ಟಿಗೆ ಇದ್ದೇ ಇರುತ್ತದೆ: ಅಭ್ಯರ್ಥಿಗೆ ರಾಜ್ಯಭಾಷೆಯ ಜ್ಞಾನ ಅವಶ್ಯ. ಕರ್ನಾಟಕದ ಪ್ರಕಟಣೆಯಲ್ಲಿ ಈ ಸಾಲನ್ನು ಕಂಡರೆ ನಾವು ಸಂತೋಷಪಡುತ್ತೇವೆ. ಇಲ್ಲದಿದ್ದರೆ ಕೋಪಿಸಿಕೊಳ್ಳುತ್ತೇವೆ. ಇದೇ ಸಾಲು ಮಹಾರಾಷ್ಟ್ರದ ಅಥವಾ ತಮಿಳುನಾಡಿನ ಪ್ರಕಟಣೆಯಲ್ಲಿ ಕಾಣಿಸಿಕೊಂಡು ನಮ್ಮ ಮನೆಯ ಮಕ್ಕಳ ದಾರಿಗೆ ಅಡ್ಡ ಬಂದಾಗ ಮಾತ್ರ ಅದು ಸಂಕುಚಿತ ಮನೋಭಾವವಾಗಿ ತೋರುತ್ತದೆ. ತನಗೊಂದು ನ್ಯಾಯ, ಪರರಿಗೊಂದು ನ್ಯಾಯ ಎಂಬ ಮಾತು ನಮಗೆ ತಕ್ಕಮಟ್ಟಿಗೆ ಅನ್ವಯಿಸುತ್ತದೆ. ಹೊರನಾಡಿನಲ್ಲಿರುವ ನಾವು ಈ ನಿಯಮದ ಎರಡು ಬದಿಗಳಲ್ಲೂ ಬದುಕುವವರು. ಹಾಗಾಗಿ ಎರಡು ಕಡೆಗೂ ಒಪ್ಪುವ ಒಂದು ಅಳತೆಗೋಲನ್ನು ಹುಡುಕುವ ಹೊಣೆ ನಮ್ಮ ಮೇಲೆ ಹೆಚ್ಚು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಾರ್ವಜನಿಕ ಆಸ್ಪತ್ರೆಯ ವೈದ್ಯನಿಗೆ ಸ್ಥಳೀಯ ಭಾಷೆ ಬರಬೇಕೆಂಬ ಬೇಡಿಕೆ ನ್ಯಾಯವಾದುದು. ಆದರೆ ಆ ಬೇಡಿಕೆ ರೋಗಿಯ ಹಕ್ಕಿನಿಂದ ಹುಟ್ಟಿದ್ದು, ರಾಜ್ಯದ ಅಭಿಮಾನದಿಂದಲ್ಲ. ಇದನ್ನು ಮರೆತದ್ದರಿಂದಲೇ ನಮ್ಮ ನಿಯಮಗಳು ಬೇಕಾದುದನ್ನು ಬಿಟ್ಟು ಬೇರೇನನ್ನೋ ಅಳೆಯುತ್ತಿವೆ.

ಭಾಷೆ ಏಕೆ ಬೇಕು? ರೋಗಲಕ್ಷಣಗಳು ಶಬ್ದಕೋಶದ ಭಾಷೆಯಲ್ಲಿ ಆಸ್ಪತ್ರೆಗೆ ಬರುವುದಿಲ್ಲ. ನಮ್ಮ ಕಡೆಯ ಹೆಂಗಸೊಬ್ಬಳು ‘ಸಂಕಟ ಆಗ್ತಿದೆ’ ಎಂದರೆ ಅದು ಹೊಟ್ಟೆಯ ತೊಳಸು, ಎದೆಯ ಒತ್ತಡ, ಮನಸ್ಸಿನ ನೋವು ಈ ಮೂರರಲ್ಲಿ ಯಾವುದೂ ಆಗಬಹುದು. ಮರಾಠಿಯ ವೈದ್ಯರ ಕಿವಿಗೆ ಅದೇ ಶಬ್ದ ‘ವಿಪತ್ತು’ ಎಂದು ಬೀಳುತ್ತದೆ. ಮರಾಠಿಯ ರೋಗಿ ಕೈಗೆ ‘ಮುಂಗ್ಯಾ’ ಬಂದಿವೆ ಎಂದಾಗ ಅಲ್ಲಿ ಇರುವೆಗಳನ್ನು ಹುಡುಕಬಾರದು, ಕೈ ಜೋಮು ಹಿಡಿದಿದೆ ಎಂದು ತಿಳಿಯಬೇಕು. ‘ಅಂಗಾವರೂನ್ ಜಾತಂ’ ಎಂದು ಆಕೆ ತಗ್ಗಿದ ದನಿಯಲ್ಲಿ ಹೇಳಿದರೆ ಅದು ಸ್ರಾವದ ಮಾತು. ಕನ್ನಡದ ಹೆಂಗಸು ಅದನ್ನೇ ‘ಬಿಳಿ ಹೋಗುತ್ತೆ’ ಎನ್ನುತ್ತಾಳೆ. ಪದಪದವಾಗಿ ಅನುವಾದಿಸಿದರೆ ಈ ಮಾತುಗಳಲ್ಲಿ ರೋಗ ಉಳಿಯುವುದಿಲ್ಲ. ಯಂತ್ರಗಳೂ ರಕ್ತಪರೀಕ್ಷೆಗಳೂ ಇವೆಯಲ್ಲ ಎನ್ನಬಹುದು. ಯಾವ ಪರೀಕ್ಷೆ ಮಾಡಿಸಬೇಕೆಂಬುದನ್ನು ಮೊದಲು ತಿಳಿಸುವುದು ರೋಗಿಯ ಮಾತೇ. ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ಎಷ್ಟೋ ವೇಳೆ ಮಾತಿನ ಹೊರತು ಬೇರೆ ಆಧಾರವೂ ಇರುವುದಿಲ್ಲ.

ದುಭಾಷಿಗಳಿಂದ ಕೆಲಸ ನಡೆಯುವುದಿಲ್ಲವೇ ಎಂಬ ಪ್ರಶ್ನೆಗೆ ಮುಂಬೈಯ ಕನ್ನಡಿಗರ ಮನೆಗಳಲ್ಲೇ ಉತ್ತರವಿದೆ. ಊರಿನಿಂದ ಚಿಕಿತ್ಸೆಗೆಂದು ಬಂದ ತಾಯಿಯ ಪಕ್ಕದಲ್ಲಿ ಮಗ ನಿಂತು ಮಾತು ತಿರುಗಿಸುತ್ತಾನೆ. ಗರ್ಭಕೋಶದ ತೊಂದರೆಯನ್ನು ಮಗನ ಬಾಯಿಂದ ಹೇಳಿಸಲು ಯಾವ ತಾಯಿಯೂ ಒಪ್ಪಳು. ಅವಳು ‘ಸೊಂಟ ನೋವು’ ಎಂದು ಹೇಳಿ ಮುಗಿಸುತ್ತಾಳೆ. ಮನೆಯವರಿಲ್ಲದಿದ್ದರೆ ಆ ಕೆಲಸ ವಾರ್ಡಿನ ಮಾವಶಿಯ ಪಾಲಿಗೆ ಬರುತ್ತದೆ. ಅವಳು ದಯಾಮಯಿಯೇ ಇರಬಹುದು. ಆದರೆ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವನ್ನು ವಿವರಿಸುವುದು ಅವಳ ಕೆಲಸವಲ್ಲ.

ಹಾಗಾದರೆ ಭಾಷೆ ವೈದ್ಯಕೀಯ ಅರ್ಹತೆಯ ಒಂದು ಅಂಗವೇ. ಜಗತ್ತು ಇದನ್ನು ಒಪ್ಪಿಕೊಂಡಿದೆ. ಜರ್ಮನಿಯಲ್ಲಿ ವೃತ್ತಿ ನಡೆಸಬೇಕಾದ ವಿದೇಶಿ ವೈದ್ಯ ಸಾಮಾನ್ಯ ಜರ್ಮನ್ ಭಾಷೆಯ ಬಿ2 ಮಟ್ಟವನ್ನು ಮುಟ್ಟಿ, ಅನಂತರ ವೈದ್ಯಕೀಯ ಸಂಭಾಷಣೆಯ ಪ್ರತ್ಯೇಕ ಪರೀಕ್ಷೆಯನ್ನು ಎದುರಿಸಬೇಕು. ಆ ಪರೀಕ್ಷೆಯಲ್ಲಿ ಆತ ರೋಗಿಯ ಪಾತ್ರ ವಹಿಸಿದವರೊಡನೆ ಮಾತಾಡಿ, ಕೇಳಿದ್ದನ್ನು ದಾಖಲಿಸಿ, ಇನ್ನೊಬ್ಬ ವೈದ್ಯನಿಗೆ ವರದಿ ಒಪ್ಪಿಸುತ್ತಾನೆ. ಕರಾವಳಿಯಿಂದಲೂ ಕೇರಳದಿಂದಲೂ ಅಲ್ಲಿಗೆ ಹೊರಡುವ ನಮ್ಮ ದಾದಿಯರು ತಿಂಗಳುಗಟ್ಟಲೆ ಜರ್ಮನ್ ಕಲಿಯುತ್ತಾರೆ. ಅದನ್ನು ಯಾರೂ ಅವಮಾನವೆಂದು ಭಾವಿಸಿಲ್ಲ. ಹ್ಯಾಂಬರ್ಗಿನ ರೋಗಿಗೆ ಸಲ್ಲುವ ಮರ್ಯಾದೆ ಹಾವೇರಿಯ ಅಥವಾ ನಾಂದೇಡಿನ ರೋಗಿಗೆ ಏಕೆ ಸಲ್ಲಬಾರದು?

ನಮ್ಮ ಸಂವಿಧಾನವೂ ಇದಕ್ಕೆ ಅಡ್ಡಿಯಾಗಿಲ್ಲ. ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ವಾಸಸ್ಥಳಗಳ ಆಧಾರದಿಂದ ಮಾತ್ರವೇ ಭೇದವೆಣಿಸಬಾರದೆಂದು 16ನೆಯ ವಿಧಿಯ ಎರಡನೆಯ ಖಂಡ ಹೇಳುತ್ತದೆ. ಆ ಪಟ್ಟಿಯಲ್ಲಿ ಭಾಷೆ ಇಲ್ಲ. ಅದರ ಹಿಂದೆ ನಾನು ಕಾಣುವ ತರ್ಕ ಇಷ್ಟು: ಹುಟ್ಟಿದ ಊರನ್ನು ಯಾರೂ ಬದಲಿಸಿಕೊಳ್ಳಲಾರರು, ಭಾಷೆಯನ್ನು ಮಾತ್ರ ಯಾರೂ ಕಲಿಯಬಲ್ಲರು. ಕಲಿಯಲು ಸಾಧ್ಯವಿರುವುದರಿಂದಲೇ ಭಾಷೆಯ ಷರತ್ತು ನ್ಯಾಯಸಮ್ಮತವಾಗುತ್ತದೆ. ಕಲಿತದ್ದನ್ನು ತೋರಿಸುವ ದಾರಿಯನ್ನೇ ಮುಚ್ಚಿದರೆ ಅದೇ ಷರತ್ತು ಜನ್ಮಸ್ಥಳದ ಷರತ್ತಿನ ಮರುಹೆಸರಾಗುತ್ತದೆ.

ಈಗ ನಾವು ಅಳೆಯುತ್ತಿರುವುದೇನೆಂದು ನೋಡೋಣ. ಮುಂಬೈ ಮಹಾನಗರಪಾಲಿಕೆಯ ಅನೇಕ ಹುದ್ದೆಗಳಿಗೆ ಹತ್ತನೆಯ ತರಗತಿಯಲ್ಲಿ 100 ಅಂಕಗಳ ಮರಾಠಿ ವಿಷಯದಲ್ಲಿ ತೇರ್ಗಡೆಯಾಗಿರಬೇಕೆಂಬ ಷರತ್ತಿದೆ. ತಮಿಳುನಾಡು 2021ರ ಡಿಸೆಂಬರಿನ ಆದೇಶದಿಂದ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯನ್ನು ಕಡ್ಡಾಯ ಮಾಡಿ ಕನಿಷ್ಠ ಶೇ. 40 ಅಂಕಗಳನ್ನು ನಿಗದಿಪಡಿಸಿತು. ಕರ್ನಾಟಕ ಲೋಕಸೇವಾ ಆಯೋಗದ ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 150 ಅಂಕಗಳಿಗೆ ಕನಿಷ್ಠ 50 ಪಡೆಯಬೇಕು. ಇವೆಲ್ಲವೂ ಶಾಲೆಯ ಓದನ್ನೋ ಬರವಣಿಗೆಯನ್ನೋ ಅಳೆಯುತ್ತವೆ. ರೋಗಿಯೊಡನೆ ಆಡುವ ಮಾತು ಇವುಗಳ ಅಳತೆಗೆ ಸಿಕ್ಕುವುದಿಲ್ಲ.

ಕೇಂದ್ರ ಸರ್ಕಾರದ ನೌಕರರ ಮಕ್ಕಳ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಮ್ಮ ಮಕ್ಕಳಲ್ಲಿ ಅನೇಕರು ಕೇಂದ್ರೀಯ ವಿದ್ಯಾಲಯಗಳಲ್ಲಿ ಓದುತ್ತಾರೆ. ಅಲ್ಲಿ ಕಲಿಯುವುದು ಬಹುಮಟ್ಟಿಗೆ ಹಿಂದಿ, ಇಂಗ್ಲಿಷ್, ಸಂಸ್ಕೃತ. ಮುಂಬೈಯ ವಸತಿಗೃಹಗಳಲ್ಲಿ ಬೆಳೆದು, ಮೈದಾನದಲ್ಲಿಯೂ ಮಾರುಕಟ್ಟೆಯಲ್ಲಿಯೂ ಮರಾಠಿಯಲ್ಲೇ ಜಗಳವಾಡಿ ಸ್ನೇಹ ಮಾಡಿದ ಹುಡುಗಿ ಮುಂದೆ ನರ್ಸಿಂಗ್ ಓದಿ ಅರ್ಜಿ ಹಾಕಿದರೆ ಅವಳ ಕೈಯಲ್ಲಿ ಬೇಕಾದ ಅಂಕಪಟ್ಟಿ ಇರುವುದಿಲ್ಲ. ಹತ್ತನೆಯ ತರಗತಿಯಲ್ಲಿ ಮರಾಠಿಗೆ ಹೇಗೋ 35 ಅಂಕ ಗಳಿಸಿ, ಆಮೇಲೆ ಆ ಭಾಷೆಯ ಕಡೆ ತಲೆ ಹಾಕದವನ ಕೈಯಲ್ಲಿ ಅದು ಇರುತ್ತದೆ. ರೋಗಿಯ ದೃಷ್ಟಿಯಿಂದ ನೋಡಿದರೆ ಇವರಲ್ಲಿ ಅರ್ಹರು ಯಾರು?

ಇನ್ನೊಂದು ವಿರೋಧಾಭಾಸ ಇದಕ್ಕಿಂತ ದೊಡ್ಡದು. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನಡುರಾತ್ರಿ ಹೋದವನನ್ನು ಮೊದಲು ನೋಡುವವರು ಸ್ನಾತಕೋತ್ತರ ವಿದ್ಯಾರ್ಥಿಗಳಾದ ರೆಸಿಡೆಂಟ್ ವೈದ್ಯರು. ರಾಜ್ಯದ ಸರ್ಕಾರಿ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಸೇರಿವೆ. ನೀಟ್ ಪರೀಕ್ಷೆಯ ಕ್ರಮಾಂಕವೇ ಅಲ್ಲಿ ಮುಖ್ಯ. ಭಾಷೆಯನ್ನು ಯಾರೂ ಕೇಳುವುದಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಸಂಯುಕ್ತ ವೈದ್ಯಕೀಯ ಸೇವಾ ಪರೀಕ್ಷೆಯಿಂದ ರೈಲ್ವೆ ಮತ್ತು ಕೇಂದ್ರ ಆರೋಗ್ಯ ಸೇವೆಗಳಿಗೆ ಬರುವ ವೈದ್ಯರಿಗೂ ಇದೇ ಮಾತು ಸಲ್ಲುತ್ತದೆ. ಖಾಯಂ ಹುದ್ದೆಯ ಬಾಗಿಲಲ್ಲಿ ಭಾಷೆಯ ಕಾವಲುಗಾರನನ್ನು ನಿಲ್ಲಿಸಿದ್ದೇವೆ, ರೋಗಿ ಒಳಬರುವ ಬಾಗಿಲಲ್ಲಿ ಯಾರೂ ಇಲ್ಲ. ರೋಗಿಯ ಹಿತವೇ ಉದ್ದೇಶವಾಗಿದ್ದರೆ ವ್ಯವಸ್ಥೆ ಹೀಗೆ ತಲೆಕೆಳಗಾಗಿರುತ್ತಿರಲಿಲ್ಲ.

ಪರಿಹಾರಕ್ಕಾಗಿ ದೂರ ಹೋಗಬೇಕಿಲ್ಲ. 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯ ಸಂದರ್ಭದಲ್ಲೇ, ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರ್ಕಾರ ಒಂದು ಜ್ಞಾಪನಪತ್ರವನ್ನು ರೂಪಿಸಿತು. ರಾಜ್ಯಭಾಷೆಯ ಪರೀಕ್ಷೆಯನ್ನು ಆಯ್ಕೆಯ ನಂತರ, ಪರೀಕ್ಷಾರ್ಥ ಅವಧಿ ಮುಗಿಯುವುದರೊಳಗೆ ನಡೆಸಬಹುದೆಂಬ ತತ್ತ್ವ ಅದರಲ್ಲಿದೆ. ಭಾಷೆಯನ್ನು ಬೇಡುವ ರಾಜ್ಯದ ಹಕ್ಕನ್ನೂ ಕಲಿಯಲು ಕಾಲಾವಕಾಶ ಪಡೆಯುವ ಅಭ್ಯರ್ಥಿಯ ಹಕ್ಕನ್ನೂ ಆ ತತ್ತ್ವ ಒಟ್ಟಿಗೇ ಕಾಪಾಡುತ್ತದೆ. ಐಎಎಸ್ ಅಧಿಕಾರಿಗಳ ವಿಷಯದಲ್ಲಿ ಇದು ದಿನನಿತ್ಯದ ಸಂಗತಿ. ಬಿಹಾರದಲ್ಲಿ ಹುಟ್ಟಿದವನು ಕರ್ನಾಟಕದ ಶ್ರೇಣಿಗೆ ಬಂದರೆ ತರಬೇತಿಯಲ್ಲಿ ಕನ್ನಡ ಕಲಿಯುತ್ತಾನೆ, ಪರೀಕ್ಷೆ ಕೊಡುತ್ತಾನೆ, ಜಿಲ್ಲೆಯ ಜನರ ಅಹವಾಲನ್ನು ಕನ್ನಡದಲ್ಲಿ ಕೇಳುತ್ತಾನೆ.

ನಮ್ಮ ಕಚೇರಿಗಳನ್ನು ನೋಡಿ. ಹಿಂದಿ ಬಾರದ ಕೇಂದ್ರ ನೌಕರರಿಗಾಗಿ ಹಿಂದಿ ಶಿಕ್ಷಣ ಯೋಜನೆಯ ಪ್ರಬೋಧ, ಪ್ರವೀಣ, ಪ್ರಾಜ್ಞ ತರಗತಿಗಳಿವೆ. ನಾನೂ ಅವುಗಳಲ್ಲಿ ಕುಳಿತಿದ್ದೇನೆ. ಕೆಲಸಕ್ಕೆ ಸೇರಿದ ಮೇಲೆ, ಕಚೇರಿಯ ವೇಳೆಯಲ್ಲಿ, ಸರ್ಕಾರದ ಖರ್ಚಿನಲ್ಲಿ ಕಲಿಸುತ್ತಾರೆ. ನಿಗದಿತ ಪರೀಕ್ಷೆ ತೇರ್ಗಡೆಯಾದವರಿಗೆ ಒಂದು ವೇತನ ಬಡ್ತಿಗೆ ಸಮನಾದ ಮೊತ್ತ ಹನ್ನೆರಡು ತಿಂಗಳು ದೊರೆಯುತ್ತದೆ. ಆ ಯೋಜನೆಯ ಹಿಂದಿನ ಭಾಷಾನೀತಿಯ ಬಗ್ಗೆ ನನಗೆ ತಕರಾರುಗಳಿವೆ. ಆದರೆ ಅದರ ವಿಧಾನದಲ್ಲಿ ದೋಷ ಕಾಣುವುದಿಲ್ಲ. ಕಡತದ ಮೇಲೆ ಟಿಪ್ಪಣಿ ಬರೆಯುವುದಕ್ಕಾಗಿ ಗುಮಾಸ್ತನಿಗೆ ಹಿಂದಿ ಕಲಿಸಬಲ್ಲ ಸರ್ಕಾರ, ಪ್ರಾಣದ ಪ್ರಶ್ನೆಯಲ್ಲಿ ವೈದ್ಯನಿಗೆ ಜನರ ಭಾಷೆಯನ್ನು ಕಲಿಸಲಾರೆನೆಂದರೆ ಯಾರು ನಂಬುತ್ತಾರೆ? 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮದ ಆರಂಭಿಕ ತಿಂಗಳಲ್ಲಿ ಸ್ಥಳೀಯ ಭಾಷೆಯ ಕಲಿಕೆಗೆ ಅವಕಾಶವಿದೆ. ಅದನ್ನು ಶಾಸ್ತ್ರಕ್ಕೆ ಮುಗಿಸದೆ ರೆಸಿಡೆಂಟರವರೆಗೂ ವಿಸ್ತರಿಸಬೇಕು.

ಇನ್ನು ರಾಜ್ಯಭಾಷೆ ಮತ್ತು ರೋಗಿಯ ಭಾಷೆ ಒಂದೇ ಆಗಿರಬೇಕಿಲ್ಲ ಎಂಬ ವಿಚಾರ. ಅಕ್ಕಲಕೋಟೆ, ಜತ್ತ ತಾಲೂಕುಗಳ ಎಷ್ಟೋ ಹಳ್ಳಿಗಳ ಮಾತು ಕನ್ನಡ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಉತ್ತಮ ಮರಾಠಿ ಬಲ್ಲ ವೈದ್ಯ ಬಂದರೂ ಅಜ್ಜಿಯ ಪಾಲಿಗೆ ಆತ ಪರಭಾಷಿಕನೇ. ಬೆಳಗಾವಿ ಗಡಿಯ ಮರಾಠಿ ಅಜ್ಜಿಯ ಕಷ್ಟವೂ ಅದೇ. ಈ ಎರಡನೆಯ ಮಾತನ್ನು ಹೇಳಲು ನಾವು ಹಿಂಜರಿಯುತ್ತೇವೆ, ಆದರೆ ಹೇಳಲೇಬೇಕು. ಕೇರಳ ಲೋಕಸೇವಾ ಆಯೋಗ ಕಾಸರಗೋಡಿನಲ್ಲಿ ಮಲಯಾಳ ಮತ್ತು ಕನ್ನಡ ಎರಡನ್ನೂ ಬಲ್ಲ ಗುಮಾಸ್ತರ ಹುದ್ದೆಗಳಿಗೆ ಪ್ರತ್ಯೇಕವಾಗಿ ಅರ್ಜಿ ಕರೆಯುವ ಪದ್ಧತಿ ಇಟ್ಟುಕೊಂಡಿದೆ. ಅರ್ಜಿ ಸ್ವೀಕರಿಸುವ ಮೇಜಿನ ಮುಂದೆ ಅಂಗೀಕಾರವಾದ ಈ ತತ್ತ್ವ ಗಡಿ ಜಿಲ್ಲೆಗಳ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಇನ್ನಷ್ಟು ಅಗತ್ಯ. ತುಳು, ಬ್ಯಾರಿ, ಲಂಬಾಣಿ ಮಾತುಗಳು ಯಾವ ಕಡ್ಡಾಯ ಪತ್ರಿಕೆಯಲ್ಲೂ ಇಲ್ಲ. ಅವುಗಳನ್ನಾಡುವವರಿಗೆ ಕಾಯಿಲೆಗಳಂತೂ ತಪ್ಪಿಲ್ಲ.

ಕನ್ನಡಾಭಿಮಾನಿಗಳ ಆಕ್ಷೇಪವೊಂದು ನನಗೆ ಗೊತ್ತು. ಪ್ರವೇಶದ ಬಾಗಿಲನ್ನು ಸಡಿಲಿಸಿದರೆ ಹೊರಗಿನವರು ತುಂಬಿಕೊಂಡು ನಮ್ಮ ಮಕ್ಕಳ ಕೆಲಸ ಹೋಗುತ್ತದೆ ಎಂಬುದು ಅದು. ಆ ಆತಂಕ ಸುಳ್ಳಲ್ಲ. ಆದರೆ ಸ್ಥಳೀಯರಿಗೆ ಉದ್ಯೋಗ ಎಂಬುದು ಬೇರೆಯೇ ಬೇಡಿಕೆ. ಅದನ್ನು ಅದರ ಹೆಸರಿನಲ್ಲೇ ಕೇಳಬೇಕು. ವಾಸಸ್ಥಳದ ಷರತ್ತಿಗೆ ಸಂಸತ್ತು ಕಾನೂನು ಮಾಡಬಹುದೆಂದು ಅದೇ 16ನೆಯ ವಿಧಿ ಹೇಳುತ್ತದೆ. ವಾದ ಅಲ್ಲಿ ನಡೆಯಲಿ. ರೋಗಿಯ ಹೆಸರನ್ನು ಮುಂದಿಟ್ಟು ಹುದ್ದೆಯನ್ನು ಕಾಯ್ದುಕೊಂಡರೆ ಕೊನೆಗೆ ರೋಗಿಗೂ ಲಾಭವಿಲ್ಲ. ಅಲ್ಲದೆ ಕಲಿಯಲೇಬೇಕಾದ ಭಾಷೆ, ಕಲಿಯದಿದ್ದರೆ ಖಾಯಂ ಆಗದ ಹುದ್ದೆ, ಈ ಎರಡೂ ಇದ್ದಲ್ಲಿ ಉಳಿಯುವವನು ನಾಡಿನಲ್ಲಿ ಬೇರೂರಲು ಸಿದ್ಧನಾದವನೇ.

ಭಾಷೆಯ ಒತ್ತಾಯಕ್ಕೂ ಒಂದು ಎಲ್ಲೆ ಇರಬೇಕು. 2021ರ ಜೂನ್‌ನಲ್ಲಿ ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯಲ್ಲಿ ದಾದಿಯರು ಮಲಯಾಳದಲ್ಲಿ ಮಾತಾಡಬಾರದೆಂಬ ಸುತ್ತೋಲೆ ಹೊರಟು, ಟೀಕೆ ಎದ್ದೊಡನೆ ಹಿಂತೆಗೆದುಕೊಳ್ಳಲಾಯಿತು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ರೋಗಿಯೊಡನೆ ಮಾತಾಡಿ ಎಂದು ಹೇಳುವ ಹಕ್ಕು ಆಸ್ಪತ್ರೆಗಿದೆ. ಇಬ್ಬರು ದಾದಿಯರು ತಮ್ಮೊಳಗೆ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಹೇಳುವ ಹಕ್ಕಿಲ್ಲ. ಹೊರನಾಡಿನಲ್ಲಿ ಮನೆಮಾತನ್ನು ಉಳಿಸಿಕೊಂಡಿರುವ ನಮಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಕರ್ನಾಟಕದಲ್ಲಾಗಲಿ ನಾವು ನೆಲೆಸಿದ ರಾಜ್ಯಗಳಲ್ಲಾಗಲಿ ನಾವು ಕೇಳಬೇಕಾದುದು ಒಂದೇ. ಹತ್ತನೆಯ ತರಗತಿಯ ಅಂಕಪಟ್ಟಿಯೇ ಏಕೈಕ ಸಾಕ್ಷಿಯಾಗುವುದು ಬೇಡ. ಭಾಷೆ ಬಲ್ಲವರಿಗೆ ಆಯ್ಕೆಯಲ್ಲಿ ಒಂದಿಷ್ಟು ಆದ್ಯತೆ ಇರಲಿ. ಬಾರದವರಿಗೆ ಎರಡು ವರ್ಷದ ಗಡುವೂ ಸರ್ಕಾರದ ಖರ್ಚಿನ ಪಾಠವೂ ಇರಲಿ. ಪರೀಕ್ಷೆ ಆಸ್ಪತ್ರೆಯಲ್ಲೇ ನಡೆಯಲಿ: ಅಭ್ಯರ್ಥಿ ಒಬ್ಬ ರೋಗಿಯ ಕಷ್ಟವನ್ನು ಕೇಳಿ ತಿಳಿದುಕೊಳ್ಳಲಿ, ಮಾತ್ರೆ ನುಂಗುವ ಕ್ರಮವನ್ನು ವಿವರಿಸಲಿ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೇಳಲಿ. ಅದರಲ್ಲಿ ಸೋತವರ ಸೇವೆ ಖಾಯಂ ಆಗಬಾರದು. ಈ ನಿಯಮ ರೆಸಿಡೆಂಟರಿಗೂ ಕೇಂದ್ರದ ಆಸ್ಪತ್ರೆಗಳಿಗೂ ಅವರವರ ಅವಧಿಗೆ ತಕ್ಕಂತೆ ಅನ್ವಯಿಸಲಿ. ಗಡಿ ತಾಲೂಕುಗಳಲ್ಲಿ ಆ ಹಳ್ಳಿಗಳ ಮಾತನ್ನು ಬಲ್ಲವರಿಗೆ ಮೊದಲ ಮಣೆ ದೊರೆಯಲಿ.

ಇಷ್ಟನ್ನು ನಾವು ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ಕೇಳುವಾಗಲೇ ಮುಂಬೈಯಲ್ಲಿ ಮರಾಠಿಗಾಗಿಯೂ ಚೆನ್ನೈಯಲ್ಲಿ ತಮಿಳಿಗಾಗಿಯೂ ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಂಡ ಮೇಲೆ ಅಕ್ಕಲಕೋಟೆಯ ಅಜ್ಜಿಗೆ ಕನ್ನಡ ಬಲ್ಲ ವೈದ್ಯ ಬೇಕೆಂದು ಕೇಳಲು ನಮಗೆ ಯಾವ ಸಂಕೋಚವೂ ಇರುವುದಿಲ್ಲ.